ಇಪ್ಪತ್ತೈದು ಸಾವಿರದೊಳಗಿನ ಟೀವಿ: ಒಂದು ತಾತ್ವಿಕ ಅಧ್ಯಯನ

ಶಾಸ್ತ್ರಗ್ರಂಥ ತೊಡಗುವ ಮುನ್ನ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯವನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಪ್ರಬಂಧಕ್ಕೆ ಅಧಿಕಾರಿ ಯಾರೆಂದರೆ, 25,000 ರೂಪಾಯಿ ಮೀರಲಾರದ, ಮೀರಿದರೆ ಮನೆಯಲ್ಲಿ ಲೆಕ್ಕ ಒಪ್ಪಿಸಬೇಕಾದ, ಗೋಡೆಯ ಮೇಲೆ ಮೊಳೆಯ ಜಾಗವನ್ನು ಆಗಲೇ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟ ಗೃಹಸ್ಥರು. ‘ದುಡ್ಡಿನ ಪ್ರಶ್ನೆ ಅಲ್ಲ, ಒಳ್ಳೇದು ಕೊಡಿ’ ಎನ್ನುವವರು ಅನಧಿಕಾರಿಗಳು. ಅವರಿಗೆ ಮೋಕ್ಷವು ಮಾಲ್‌ನ ಎರಡನೆಯ ಮಹಡಿಯಲ್ಲಿ ತಾನಾಗಿ ಸಿದ್ಧಿಸುತ್ತದೆ. ವಿಷಯ: ಸಮತಲ ಟೀವಿ. ಸಂಬಂಧ: ರಟ್ಟಿನ ಪೆಟ್ಟಿಗೆಯ ಮೇಲೆ ಅಚ್ಚಾದ ಮಾತಿಗೂ ಒಳಗಿರುವ ವಸ್ತುವಿಗೂ ಇರುವ, ಹಲವೊಮ್ಮೆ ಇಲ್ಲದಿರುವ, ವಾಚ್ಯವಾಚಕ ಸಂಬಂಧ. ಪ್ರಯೋಜನ: ಮೋಸ ಹೋಗದಿರುವುದು, ಅದು ಕೈಲಾಗದಿದ್ದರೆ, ಎಲ್ಲಿ ಮೋಸ ಹೋದೆವೆಂಬುದನ್ನಾದರೂ ಖಚಿತವಾಗಿ ತಿಳಿದಿರುವುದು. ಅಧ್ಯಯನದ ವಿಧಾನವಾಗಿ ಭಾಟ್ಟ ಮೀಮಾಂಸಕರು ಒಪ್ಪಿದ ಆರು ಪ್ರಮಾಣಗಳನ್ನು ಇಟ್ಟುಕೊಂಡಿದ್ದೇವೆ. ಅವು ಸಾಲದ ಕಡೆ ‘ಗ್ರಾಹಕ ಸಂಕಥನದ ಬಹುಮುಖಿ ನೆಲೆಗಳ ಮುಖಾಮುಖಿ’ ಎಂದು ಬರೆದು ಮುಂದೆ ಸಾಗಲಾಗುವುದು; ವಿಚಾರ ಸಂಕಿರಣಗಳಲ್ಲಿ ಈ ಪದಗುಚ್ಛಕ್ಕೆ ಯಾರೂ ಅರ್ಥ ಕೇಳಿದ ದಾಖಲೆಯಿಲ್ಲ. ಪ್ರಬಂಧದ ಸಿದ್ಧಾಂತ ಮಾತ್ರ ಒಂದೇ ಸಾಲಿನದು: ಕಡಿಮೆ ದುಡ್ಡಿನ ಟೀವಿಯನ್ನು ಪೆಟ್ಟಿಗೆ ಹೇಳುವ ಮಾತು ನೋಡಿ ಆರಿಸಬಾರದು, ಅದು ನುಂಗಿಕೊಂಡ ಮಾತು ನೋಡಿ ಆರಿಸಬೇಕು.

ಮೊದಲಿಗೆ ವರ್ಗೀಕರಣ, ಏಕೆಂದರೆ ವರ್ಗೀಕರಣವಿಲ್ಲದ ಪ್ರಬಂಧಕ್ಕೆ ಪದವಿ ದಕ್ಕುವುದಿಲ್ಲ. ಸಮತಲ ಟೀವಿಗಳು ಪಂಚವಿಧ: ಎಲ್‌ಸಿಡಿ, ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಮತ್ತು ಓಎಲ್‌ಇಡಿ. ಸೂಕ್ಷ್ಮವಾಗಿ ವಿಚಾರಿಸಿದರೆ ಮೊದಲ ನಾಲ್ಕು ಒಂದೇ ತತ್ತ್ವದ ನಾಲ್ಕು ಉಪಾಧಿಗಳು. ಪರದೆಯಲ್ಲಿರುವ ದ್ರವಸ್ಫಟಿಕಕ್ಕೆ ಸ್ವಂತ ಬೆಳಕಿಲ್ಲ. ಬೆನ್ನ ಹಿಂದಿನಿಂದ ಬರುವ ಬೆಳಕನ್ನು ಬಿಂದುಬಿಂದುವಿನಲ್ಲಿ ಬಿಡುವುದು ಅಥವಾ ತಡೆಯುವುದಷ್ಟೇ ಅದರ ಕೆಲಸ. ಆ ಬೆಳಕು ಸಣಕಲು ಫ್ಲೋರೊಸೆಂಟ್ ಕೊಳವೆಯಿಂದ ಬರುತ್ತಿದ್ದಾಗ ಅದು ಎಲ್‌ಸಿಡಿ. ಕೊಳವೆ ಕಿತ್ತು ಎಲ್‌ಇಡಿ ದೀಪ ಕೂರಿಸಿದರು, ಎಲ್‌ಇಡಿ ಟೀವಿ ಅವತರಿಸಿತು. ದೀಪದ ಮುಂದೆ ಕ್ವಾಂಟಮ್ ಡಾಟ್ ಹಾಳೆ ಹಾಸಿದರು, ಕ್ಯೂಎಲ್‌ಇಡಿ ಆಯಿತು. ದೀಪಗಳನ್ನು ಕಿರಿದು ಮಾಡಿ ವಲಯಗಳಾಗಿ ಹಂಚಿದರು, ಮಿನಿ ಎಲ್‌ಇಡಿ ಆಯಿತು. ಸುಧಾರಣೆಗಳು ಸುಳ್ಳಲ್ಲ: ಹಾಳೆಯಿಂದ ಬಣ್ಣ ತುಂಬಿ ಬರುತ್ತದೆ, ವಲಯಗಳಿಂದ ಕಪ್ಪು ಗಾಢವಾಗುತ್ತದೆ. ಆದರೆ ವಲಯಗಳು ಎಷ್ಟು ಎಂಬುದರ ಮೇಲೆ ಎಲ್ಲವೂ ನಿಂತಿದೆ, ಅಗ್ಗದ ಪೆಟ್ಟಿಗೆ ಅದೊಂದನ್ನು ಹೇಳುವುದಿಲ್ಲ. 2009ರಲ್ಲೇ ಬ್ರಿಟನ್ನಿನ ಜಾಹೀರಾತು ಮಾನಕ ಪ್ರಾಧಿಕಾರವು, ಹಿಂದೆ ದೀಪವಿಟ್ಟ ಎಲ್‌ಸಿಡಿಯನ್ನು ‘ಎಲ್‌ಇಡಿ ಟೀವಿ’ ಎಂದಷ್ಟೇ ಕರೆದರೆ ಗ್ರಾಹಕ ದಾರಿ ತಪ್ಪುತ್ತಾನೆಂಬ ದೂರನ್ನು ಎತ್ತಿಹಿಡಿದಿತ್ತು. ಹೆಸರು ಮಾತ್ರ ಉಳಿಯಿತು, ಸಂತಾನವೂ ಬೆಳೆಯಿತು. ಓಎಲ್‌ಇಡಿ ಒಂದೇ ನಿಜಕ್ಕೂ ಬೇರೆ ಕುಲದ್ದು. ಅಲ್ಲಿ ಬಿಂದುವೇ ಬೆಳಗುತ್ತದೆ, ಬಿಂದುವೇ ಆರುತ್ತದೆ, ಕಪ್ಪೆಂದರೆ ಕಪ್ಪು. ನಮ್ಮ ಅಧಿಕಾರಿಗೆ ಅದು ಪರೋಕ್ಷಜ್ಞಾನ ಮಾತ್ರ. ಎರಡನೆಯ ವರ್ಗೀಕರಣವನ್ನು ಸರ್ಕಾರವೇ ಮಾಡಿಕೊಟ್ಟಿತ್ತು: 2019ರ ಜನವರಿಯಿಂದ 32 ಇಂಚಿನವರೆಗಿನ ಟೀವಿಗೆ ಶೇ 18 ಜಿಎಸ್‌ಟಿ, ಅದನ್ನು ದಾಟಿದರೆ ಶೇ 28. ಮೂವತ್ತೆರಡನೆಯ ಇಂಚಿನವರೆಗೆ ಅವಶ್ಯಕತೆ, ಮುಂದಿನ ಇಂಚಿನಿಂದ ವಿಲಾಸ ಎಂಬ ಈ ಸೂಕ್ಷ್ಮ ಧರ್ಮ 2025ರ ಸೆಪ್ಟೆಂಬರ್ 22ರಂದು ಅಳಿಯಿತು. ಈಗ ಎಲ್ಲರಿಗೂ ಶೇ 18.

ಪ್ರಮಾಣಗಳಲ್ಲಿ ಮೊದಲನೆಯದು ಪ್ರತ್ಯಕ್ಷ. ‘ಇಷ್ಟೆಲ್ಲ ತಲೆಬಿಸಿ ಯಾಕೆ, ಅಂಗಡಿಗೆ ಹೋಗಿ ಕಣ್ಣಾರೆ ನೋಡಿ ತಂದರಾಯಿತು’ ಎಂಬುದು ಪೂರ್ವಪಕ್ಷ. ಕೇಳಲು ಹಿತವಾಗಿದೆ, ನಿಲ್ಲುವುದಿಲ್ಲ. ಅಂಗಡಿಯ ಚಾವಣಿಯ ತುಂಬ ದೀಪಗಳು. ಆ ಬೆಳಕಿನಲ್ಲಿ ಗೆಲ್ಲಬೇಕೆಂದು ಪ್ರತಿ ಟೀವಿಯನ್ನೂ ಅಂಗಡಿಗೆಂದೇ ಇರುವ ‘ವಿವಿಡ್’ ಮೋಡ್‌ನಲ್ಲಿ ಇಟ್ಟಿರುತ್ತಾರೆ: ಬೆಳಕು ಪೂರ್ತಿ, ಬಣ್ಣ ಉಕ್ಕುವಷ್ಟು, ಬಿಳಿಗೆ ನೀಲಿ ಹಾಕಿದ ಪಂಚೆಯ ಛಾಯೆ. ತೋರಿಸುವ ದೃಶ್ಯವಾದರೂ ಏನು? ಗರಿ ಬಿಚ್ಚಿದ ನವಿಲು, ತೊಟ್ಟಿಕ್ಕುವ ಜೇನು, ಚಿಮ್ಮುವ ಬಣ್ಣ. ಇವೆಲ್ಲ ಹಗಲು ಬೆಳಕಿನ, ಕತ್ತಲೆಯ ಸುಳಿವಿಲ್ಲದ ಚಿತ್ರಗಳು. ಮೂರು ವರ್ಷಗಳ ಧಾರಾವಾಹಿ ವೀಕ್ಷಣೆಯಲ್ಲಿ ಒಮ್ಮೆಯೂ ಕಾಣಸಿಗದಂಥವು. ಟೀವಿಯ ಯೋಗ್ಯತೆ ಬಯಲಾಗುವುದು ರಾತ್ರಿಯ ದೃಶ್ಯದಲ್ಲಿ, ಕಪ್ಪು ಬೂದಿಯಾಗುವ ಜಾಗದಲ್ಲಿ. ದ್ರವಸ್ಫಟಿಕ ಪರದೆಗಳಲ್ಲಿ ಐಪಿಎಸ್, ವಿಎ ಎಂಬ ಬಗೆಗಳಿವೆ. ಐಪಿಎಸ್ ಪ್ಯಾನೆಲಿನ ಸಹಜ ಕಾಂಟ್ರಾಸ್ಟ್, ಅಂದರೆ ಬಿಳುಪಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ, ಸುಮಾರು ಸಾವಿರಕ್ಕೊಂದು, ವಿಎ ಪ್ಯಾನೆಲಿನದು ಮೂರು ಸಾವಿರಕ್ಕೊಂದು ಅಥವಾ ಅದಕ್ಕೂ ಹೆಚ್ಚು. ಎದುರಿಗೆ ಕೂತು ನೋಡುವವರಿಗೆ ವಿಎ ಮೇಲು, ಪಡಸಾಲೆಯ ನಾಲ್ಕೂ ಮೂಲೆಯಿಂದ ನೋಡುವ ಕುಟುಂಬಕ್ಕೆ ಐಪಿಎಸ್ ಮೇಲು. ಆಯ್ಕೆಯನ್ನು ನಿಜವಾಗಿ ತೀರ್ಮಾನಿಸಬೇಕಾದ ಈ ವ್ಯತ್ಯಾಸ ನವಿಲಿನ ಗರಿಯಲ್ಲಿ ಎಂದಿಗೂ ಕಾಣದು. ಹಾಗಾಗಿ ಪ್ರತ್ಯಕ್ಷವು ಇಲ್ಲಿ ಪ್ರಮಾಣವಲ್ಲ, ಪ್ರದರ್ಶನ.

ಎರಡನೆಯದು ಅನುಮಾನ. ಇದರ ಕೈಗೆ 4ಕೆ ಎಂಬ ಮಹಾವಾಕ್ಯವನ್ನು ಒಪ್ಪಿಸೋಣ. 4ಕೆ ಪರದೆಯಲ್ಲಿ 3840 ಅಡ್ಡ, 2160 ಉದ್ದ, ಒಟ್ಟು 82,94,400 ಬಿಂದುಗಳು. ಸಾದಾ ಎಸ್‌ಡಿ ವಾಹಿನಿಯ ಪೂರ್ಣ ಚಿತ್ರ 720 ಅಡ್ಡ, 576 ಉದ್ದ, ಒಟ್ಟು 4,14,720 ಬಿಂದುಗಳು. ಭಾಗಿಸಿದರೆ ಶೇಷವಿಲ್ಲದೆ ಇಪ್ಪತ್ತು. ಎಂದರೆ ಎಸ್‌ಡಿ ಪ್ಯಾಕಿನ ಸುದ್ದಿ ವಾಹಿನಿಯನ್ನು 4ಕೆ ಟೀವಿಯಲ್ಲಿ ನೋಡುವಾಗ ಇಪ್ಪತ್ತು ಬಿಂದುಗಳಲ್ಲಿ ಒಂದಕ್ಕೆ ಮಾತ್ರ ಮೂಲದ ಆಧಾರ, ಉಳಿದ ಹತ್ತೊಂಬತ್ತು ಯಂತ್ರದ ಊಹೆ. (ಸುದ್ದಿಯಲ್ಲೂ ಇದೇ ಪ್ರಮಾಣವೇ ಎಂಬುದು ಬೇರೆ ಪ್ರಬಂಧದ ವಸ್ತು.) ಇನ್ನು ಕಣ್ಣಿನ ಲೆಕ್ಕ. 43 ಇಂಚಿನ ಪರದೆಯ ಅಗಲ ಸುಮಾರು 95 ಸೆಂಟಿಮೀಟರ್. ಫುಲ್ ಎಚ್‌ಡಿಯಲ್ಲಿ ಒಂದು ಬಿಂದು ಅರ್ಧ ಮಿಲಿಮೀಟರ್. ಸರಿಯಾದ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಬೇರ್ಪಡಿಸಬಲ್ಲದು. ಆ ಲೆಕ್ಕದಲ್ಲಿ 1.7 ಮೀಟರ್ ದಾಟಿ ಕೂತವರಿಗೆ ಫುಲ್ ಎಚ್‌ಡಿಯ ಬಿಂದುಗಳೇ ಒಂದರೊಳಗೊಂದು ಬೆರೆತುಹೋಗುತ್ತವೆ. 4ಕೆಯ ಸೊಗಸನ್ನು ಪೂರ್ತಿ ಹೀರಬೇಕಾದರೆ 85 ಸೆಂಟಿಮೀಟರ್ ಹತ್ತಿರ ಕೂರಬೇಕು, ಅಂದರೆ ಸೋಫಾವನ್ನು ಬಿಟ್ಟು ಟೀವಿ ಸ್ಟ್ಯಾಂಡಿನ ಮೇಲೆಯೇ ಮೊಣಕೈ ಊರಬೇಕು. ನಮ್ಮ ಪಡಸಾಲೆಗಳಲ್ಲಿ ಎಂಟು ಅಡಿ ದೂರ, ಅಂದರೆ 2.4 ಮೀಟರ್, ಸಾಮಾನ್ಯ. 4ಕೆ ಇದ್ದರೆ ಕೆಡುಕೇನಿಲ್ಲ. ಆದರೆ ಮಂದ ಬೆಳಕಿನ 4ಕೆ ಮತ್ತು ಒಳ್ಳೆಯ ಬೆಳಕಿನ ಫುಲ್ ಎಚ್‌ಡಿ ಒಂದೇ ಬೆಲೆಗೆ ಸಿಕ್ಕಾಗ ಮೊದಲನೆಯದನ್ನು ಹೊತ್ತು ತರುವವರು ಕಣ್ಣಿಗೆ ಕಾಣದ್ದಕ್ಕೆ ದುಡ್ಡು ತೆತ್ತು, ಕಾಣುವುದನ್ನು ಅಂಗಡಿಯಲ್ಲೇ ಬಿಟ್ಟುಬರುತ್ತಾರೆ.

ಮೂರನೆಯದು ಶಬ್ದಪ್ರಮಾಣ, ಆಪ್ತವಾಕ್ಯ. ಇಲ್ಲಿ ಆಪ್ತನೆಂದರೆ ಟೀಶರ್ಟ್ ತೊಟ್ಟ ಮಾರಾಟ ಪ್ರತಿನಿಧಿ. ವೇದವೆಂದರೆ ಪೆಟ್ಟಿಗೆಯ ಬಲಮೂಲೆಯ ಲಾಂಛನಗಳು. ಮೊದಲ ಋಕ್ಕು ‘ಎಚ್‌ಡಿಆರ್’. ಈ ಬಗೆಯ ಚಿತ್ರಗಳನ್ನು ಸಾಮಾನ್ಯವಾಗಿ 1000 ನಿಟ್ಸ್ ಇಲ್ಲವೇ ಅದಕ್ಕೂ ಹೆಚ್ಚಿನ ಬೆಳಕಿನ ಪರದೆಗಳ ಮೇಲೆ ಸಿದ್ಧಪಡಿಸುತ್ತಾರೆ. ಅಗ್ಗದ ಟೀವಿಯ ಬೆಳಕು 200-300 ನಿಟ್ಸ್. ಎಚ್‌ಡಿಆರ್ ‘ಬೆಂಬಲ’ ಎಂದರೆ ಸಂಕೇತವನ್ನು ಸ್ವೀಕರಿಸುತ್ತದೆ ಎಂದಷ್ಟೇ. ತೋರಿಸುತ್ತದೆ ಎಂದು ಯಾರೂ ಪ್ರಮಾಣ ಮಾಡಿಲ್ಲ. ಎರಡನೆಯದು ‘ಮೋಷನ್ 120’. ಪ್ಯಾನೆಲ್ ಸೆಕೆಂಡಿಗೆ 60 ಸಲವೇ ಬದಲಾಗುವುದು; ಮೇಲಿನ ಅರವತ್ತು ಮಾರಾಟ ವಿಭಾಗದ ಕೊಡುಗೆ. ಮೂರನೆಯದು ‘ಡಾಲ್ಬಿ ಆಟ್ಮಾಸ್’. 2012ರಲ್ಲಿ ಚಿತ್ರಮಂದಿರಕ್ಕೆ ಬಂದಾಗ ಅದರ ಮರ್ಮವೇ ತಲೆಯ ಮೇಲಿನ ಚಾವಣಿಯಿಂದ ಇಳಿಯುವ ದನಿ. ಇಲ್ಲಿ ಪರದೆಯ ತಳದಲ್ಲಿ ಎರಡು ಪುಟ್ಟ ಸ್ಪೀಕರುಗಳು ನೆಲಕ್ಕೆ ಮುಖಮಾಡಿ ಗೊಣಗುತ್ತವೆ, ಎರಡೂ ಸೇರಿ 20 ವಾಟ್. ತೊಂಬತ್ತರ ದಶಕದ ಟೇಪ್ ರೆಕಾರ್ಡರುಗಳ ಮೇಲೆ ಮಿನುಗುತ್ತಿದ್ದ ಸಾವಿರಾರು ವಾಟ್‌ಗಳ ‘ಪಿಎಂಪಿಒ’ ನೆನಪಿದ್ದವರಿಗೆ ಈ ವೇದ ಅಪೌರುಷೇಯವಲ್ಲವೆಂದು ಥಟ್ಟನೆ ಹೊಳೆಯುತ್ತದೆ. ಕಡೆಯದು ‘ಬಡ್ಡಿರಹಿತ ಕಂತು’. 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಅಸ್ತಿತ್ವದಲ್ಲಿಲ್ಲವೆಂದು ಬ್ಯಾಂಕುಗಳಿಗೆ ತಿಳಿಹೇಳಿತು. ಬಡ್ಡಿಯನ್ನು ಸಂಸ್ಕರಣಾ ಶುಲ್ಕದ ಒಳಗೋ, ಕೈತಪ್ಪಿದ ರಿಯಾಯಿತಿಯ ಒಳಗೋ ಬಚ್ಚಿಡಲಾಗುತ್ತದೆ. ನಾಸ್ತಿಕವಾದಕ್ಕೆ ಕೇಂದ್ರ ಬ್ಯಾಂಕಿನ ಮುದ್ರೆ ಬಿದ್ದ ಅಪರೂಪದ ಪ್ರಸಂಗವಿದು. ಶೂನ್ಯವಾದಿಗಳು ಹೆಸರು ಬದಲಿಸಿಕೊಂಡು ಪ್ರತಿ ದಸರೆಗೂ ಮರಳಿ ಬರುತ್ತಾರೆ.

ಇನ್ನು ಉಪಮಾನ, ಅರ್ಥಾಪತ್ತಿ. ಪಕ್ಕದ ಮನೆಯ ಟೀವಿಯನ್ನು ಉಪಮಾನವಾಗಿಯೂ, ‘ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ’ ಎಂಬ ಹಳೆಯ ಉದಾಹರಣೆಯನ್ನು ಟೀವಿಯ ದಪ್ಪಕ್ಕೆ ಹೊಂದಿಸಿಯೂ ಎರಡು ಪುಟ ಬೆಳೆಸಬಹುದು. ಬೇಡ. ಆರು ಗೂಡು ಕಟ್ಟಿದ್ದೇವೆಂಬ ಕಾರಣಕ್ಕೆ ಆರಕ್ಕೂ ಏನಾದರೂ ತುಂಬಲೇಬೇಕೆಂದು ಹೊರಟರೆ, ಖಾಲಿ ಜಾಗ ಕಂಡಲ್ಲೆಲ್ಲ ಲಾಂಛನ ಅಂಟಿಸುವ ಪೆಟ್ಟಿಗೆಯವರಿಗೂ ನಮಗೂ ವ್ಯತ್ಯಾಸ ಉಳಿಯದು. ನೇರವಾಗಿ ಆರನೆಯದಕ್ಕೆ ಬರೋಣ: ಅನುಪಲಬ್ಧಿ, ಇರಬೇಕಾದದ್ದು ಇಲ್ಲವೆಂಬುದರಿಂದ ಹುಟ್ಟುವ ಅರಿವು. ಎಷ್ಟು ನಿಟ್ಸ್ ಬೆಳಕು? ಹಲವು ಅಗ್ಗದ ಪೆಟ್ಟಿಗೆಗಳ ಮೇಲೆ ಇಲ್ಲ. ಸಹಜ ಕಾಂಟ್ರಾಸ್ಟ್ ಎಷ್ಟು? ಇಲ್ಲ, ಇದ್ದರೆ ‘ಡೈನಮಿಕ್’ ಎಂಬ ಹತ್ತು ಲಕ್ಷದ ಪೊಳ್ಳು ಅಂಕಿ. ಪ್ಯಾನೆಲ್ ವಿಎಯೋ ಐಪಿಎಸ್ಸೋ? ‘ಎ ಪ್ಲಸ್ ಗ್ರೇಡ್’ ಎಂಬ ಉತ್ತರ. ಆ ಗ್ರೇಡು ಕೊಟ್ಟವರು ಯಾರೋ. ತಂತ್ರಾಂಶದ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ? ಇಲ್ಲ. ಒಂದು ಜಿಬಿ ರ‍್ಯಾಮಿನ ‘ಸ್ಮಾರ್ಟ್’ ಟೀವಿ ಎರಡು ವರ್ಷದಲ್ಲಿ ರಿಮೋಟಿನ ಗುಂಡಿ ಒತ್ತಿದರೆ ಯೋಚಿಸತೊಡಗುತ್ತದೆ. ಪರದೆ ಗಟ್ಟಿಮುಟ್ಟಾಗಿರುವಾಗಲೇ ಒಳಗಿನ ಬುದ್ಧಿ ಸತ್ತಿರುತ್ತದೆ. ಮೌನಗಳಲ್ಲೆಲ್ಲ ದೊಡ್ಡದು ಇನ್ನೊಂದಿದೆ. 2017ರ ಫೆಬ್ರುವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮುಂದೆ ವಿಜಿಯೊ ಕಂಪನಿ 22 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ಆರೋಪವೆಂದರೆ, 1.1 ಕೋಟಿ ಟೀವಿಗಳಲ್ಲಿ ಮನೆಯವರು ಏನು ನೋಡುತ್ತಾರೆಂಬುದನ್ನು ಒಪ್ಪಿಗೆ ಕೇಳದೆ ದಾಖಲಿಸಿ ಮಾರಿಕೊಂಡದ್ದು. ತೆರೆ ಹೊತ್ತಿದೊಡನೆ ಜಾಹೀರಾತು ತೋರಿಸುವ ಯಂತ್ರ ಏಕೆ ಅಷ್ಟು ಅಗ್ಗವೆಂದು ಇದರಿಂದ ಊಹಿಸಬಹುದು. ದುಡ್ಡು ಕೊಟ್ಟು ತಂದ ವಸ್ತು, ನಮ್ಮದೇ ಗೋಡೆ, ನಮ್ಮದೇ ಕರೆಂಟು; ಅದರ ಮೇಲೆ ಬೇರೊಬ್ಬರ ಜಾಹೀರಾತು ಹಚ್ಚಲು ಯಾರ ಅಪ್ಪಣೆ? ಇಂಥ ಜಾಗದಲ್ಲಿ ‘ಸಂಕಥನ’ ಎಂಬ ಪದ ನಾಲಿಗೆಗೆ ಬರುವುದಿಲ್ಲ, ಬೇರೆ ಪದಗಳು ಬರುತ್ತವೆ.

ಆಕ್ಷೇಪಗಳುಂಟು. ‘ಸಾಮಾನ್ಯ ಜನರಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಚಿತ್ರ ಬಂದರೆ ಸಾಕು’ ಎಂಬುದು ಮೊದಲನೆಯದು. ಗೊತ್ತಾಗದಿದ್ದರೆ ಎಚ್‌ಡಿಆರ್, ಆಟ್ಮಾಸ್, 120 ಎಂದು ಅಚ್ಚು ಹಾಕಿದ್ದು ಯಾರಿಗಾಗಿ? ಮಾರುವಾಗ ಇರುವ ವ್ಯತ್ಯಾಸ, ದೂರು ಕೊಡುವಾಗ ಇಲ್ಲವಾಗುವುದು ಹೇಗೆ? ಎರಡನೆಯದು, ‘ಈ ಬೆಲೆಗೆ ಇನ್ನೇನು ನಿರೀಕ್ಷಿಸುತ್ತೀರಿ’ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. 25,000 ರೂಪಾಯಿಗೆ ಸಾವಿರ ನಿಟ್ಸ್ ಕೇಳುವುದು ಅನ್ಯಾಯ, ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ಇನ್ನೂರೈವತ್ತನ್ನು ಇನ್ನೂರೈವತ್ತು ಎಂದು ಬರೆಯಿರಿ ಎಂದು. ನಿಜ ಹೇಳಲು ಹೆಚ್ಚಿನ ಪ್ಯಾನೆಲ್ ಬೇಕಿಲ್ಲ, ಎರಡು ಹನಿ ಶಾಯಿ ಸಾಕು. ಮೂರನೆಯ ಆಕ್ಷೇಪ ಪಂಡಿತರದು: ಅಂಕಿಅಂಶ ಕೊಟ್ಟರೆ ಜನ ಗೊಂದಲಕ್ಕೆ ಬೀಳುತ್ತಾರಂತೆ. ಗೊಬ್ಬರದ ಚೀಲದ ಮೇಲೆ 17:17:17 ಎಂದು ನೋಡಿ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟೆಷ್ಟೆಂದು ಹೇಳುವ ರೈತರು ಈ ನಾಡಿನಲ್ಲಿದ್ದಾರೆ. ಹೊಲಕ್ಕೆ ಯಾವುದು ಬೇಕು, ಡಿಎಪಿ ಸಾಕೇ ಎಂದು ಅದೇ ಅಂಕಿ ಹಿಡಿದು ವಾದಿಸುತ್ತಾರೆ. ಆ ಅಂಕಿ ಚೀಲದ ಮೇಲೆ ಬಂದದ್ದು ಕಂಪನಿಯ ಔದಾರ್ಯದಿಂದಲ್ಲ, 1985ರ ರಸಗೊಬ್ಬರ ನಿಯಂತ್ರಣ ಆದೇಶದ ಬಲದಿಂದ. ಜನಕ್ಕೆ ಅಂಕಿ ಅರ್ಥವಾಗುವುದಿಲ್ಲ ಎಂಬುದು ಅಂಕಿ ಬಚ್ಚಿಟ್ಟವರು ಹುಟ್ಟಿಸಿದ ಮಾತು. ಜನ ದಡ್ಡರಲ್ಲ, ಅವರನ್ನು ಕತ್ತಲೆಯಲ್ಲಿ ನಿಲ್ಲಿಸಿ, ಆಮೇಲೆ ಕಣ್ಣು ಕಾಣುವುದಿಲ್ಲವೆಂದು ಹೀಗಳೆಯಲಾಗುತ್ತಿದೆ. ದೊಡ್ಡ ದುಡ್ಡಿನವರು ಮೋಸ ಹೋದರೆ ಮತ್ತೊಂದು ತಂದಾರು. ಒಂದೊಂದೇ ಕಂತು ಕಟ್ಟುವ ಮನೆಯಲ್ಲಿ ಆ ಮಸುಕು ಪರದೆಯೇ ಏಳೆಂಟು ವರ್ಷ, ಮಕ್ಕಳು ಪಾಠ ನೋಡುವುದೂ ಅದರಲ್ಲೇ, ಮುದುಕರು ಹೊತ್ತು ಕಳೆಯುವುದೂ ಅದರಲ್ಲೇ.

ಆದ್ದರಿಂದ ಉಪಸಂಹಾರ, ಪರಿಭಾಷೆಯಿಲ್ಲದೆ. ಮೊದಲು ಕೂರುವ ಜಾಗದಿಂದ ಗೋಡೆಗೆ ಎಷ್ಟು ದೂರವೆಂದು ಅಳೆಯಿರಿ. ಗಾತ್ರವನ್ನು ಅದು ಹೇಳಲಿ, ರಿಯಾಯಿತಿ ಹೇಳುವುದು ಬೇಡ. ಅಂಗಡಿಯಲ್ಲಿ ಚಿತ್ರವನ್ನು ‘ಸಿನಿಮಾ’ ಮೋಡ್‌ಗೆ ತಿರುಗಿಸಿ, ಪೆನ್‌ಡ್ರೈವ್‌ನಲ್ಲಿ ಒಯ್ದ ಒಂದು ರಾತ್ರಿಯ ದೃಶ್ಯ, ಜೊತೆಗೆ ಅವರದೇ ಕೇಬಲ್ಲಿನ ಒಂದು ಎಸ್‌ಡಿ ವಾಹಿನಿ ಹಾಕಿಸಿ ನೋಡಿ. ಬಲಕ್ಕೂ ಎಡಕ್ಕೂ ಸರಿದು ಬಣ್ಣ ಬಾಡುತ್ತದೆಯೇ ಗಮನಿಸಿ. ‘ಸ್ಮಾರ್ಟ್’ ಎಂಬುದಕ್ಕೆ ಹೆಚ್ಚು ಕೊಡಬೇಡಿ. ಬುದ್ಧಿ ಮಂಕಾದ ದಿನ ಎಚ್‌ಡಿಎಂಐಗೆ ಸಿಕ್ಕಿಸುವ ಪುಟ್ಟ ಕಡ್ಡಿ ಆ ಕೆಲಸ ಮಾಡುತ್ತದೆ, ಮಂದ ಬೆಳಕನ್ನು ಯಾವ ಕಡ್ಡಿಯೂ ಹೆಚ್ಚಿಸದು. ನಿಮ್ಮ ತಾಲ್ಲೂಕಿನಲ್ಲಿ ಆ ಕಂಪನಿಯ ರಿಪೇರಿಯವರು ಇದ್ದಾರೆಯೇ ಎಂದು ಲಾಂಛನಗಳಿಗಿಂತ ಮೊದಲು ಕೇಳಿ. ಇಷ್ಟನ್ನು ಕೊಳ್ಳುವವರು ಮಾಡಬಹುದು. ಇದಕ್ಕಿಂತ ಹೆಚ್ಚಿನದನ್ನು ಅವರ ತಲೆಗೆ ಕಟ್ಟುವುದು ಸಲ್ಲ. ಹಲವು ಟೀವಿಗಳ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಉರಿಯುತ್ತದೆಂದು ತಿಳಿಸುವ ಸ್ಟಾರ್ ಲೇಬಲ್ ಈಗಾಗಲೇ ಇದೆ, ದಾರಿ ತಪ್ಪಿಸುವ ಜಾಹೀರಾತಿನ ವಿರುದ್ಧ 2022ರ ಮಾರ್ಗಸೂಚಿಯೂ ಇದೆ. ಅದೇ ಲೇಬಲ್ಲಿನಲ್ಲಿ ಇನ್ನು ನಾಲ್ಕು ಸಾಲು ಕಡ್ಡಾಯ ಮಾಡಲಿ: ಎಷ್ಟು ನಿಟ್ಸ್, ಸಹಜ ಕಾಂಟ್ರಾಸ್ಟ್ ಎಷ್ಟು, ನಿಜವಾದ ರಿಫ್ರೆಶ್ ದರ ಎಷ್ಟು, ಅಪ್‌ಡೇಟ್ ಎಷ್ಟು ವರ್ಷ. ಆ ನಾಲ್ಕು ಸಾಲು ಬಂದ ದಿನ ಇಂಥ ಪ್ರಬಂಧಗಳು ತೂಕಕ್ಕೆ ಹೋಗುತ್ತವೆ, ಹೋಗಲಿ.