ರೂಟ್ ಅಂಕಲ್

ಬಹ್ರೇನಿನ ಕನ್ನಡಿಗರ ಯಾವ ಕೂಟಕ್ಕೆ ಹೋದರೂ ಕೆಲವು ಮುಖಗಳು ಖಾಯಂ. ಊರಿಂದ ಬಂದ ಹಲಸಿನ ಹಪ್ಪಳವನ್ನು ಎಣಿಸಿ ಹಂಚುವವರು, ಯಾವ ವಿಮಾನದ ಟಿಕೆಟ್ ಎಂದು ಅಗ್ಗವಾಗುತ್ತದೆಂದು ಬಾಯಿಪಾಠ ಒಪ್ಪಿಸುವವರು, ನವೆಂಬರಿನ ಯಕ್ಷಗಾನದ ಪಾತ್ರ ಹಂಚಿಕೆಗೆ ಮಾರ್ಚಿನಿಂದಲೇ ಮುನಿಸಿಕೊಳ್ಳುವವರು. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಇನ್ನೊಬ್ಬರು ಸೇರಿದ್ದಾರೆ. ವಯಸ್ಸು ಐವತ್ತರ ಆಚೀಚೆ. ಮಣಿಕಟ್ಟಿನಲ್ಲಿ ಎದೆಬಡಿತ ಎಣಿಸುವ ಗಡಿಯಾರ. ಬೆರಳುಗಳೆಲ್ಲ ಬಿಸಿಲಿಗೆ ಕಪ್ಪಿಟ್ಟು, ಕೈಗವಸು ಮುಚ್ಚಿದಷ್ಟು ಜಾಗ ಮಾತ್ರ ಬೆಳ್ಳಗೆ. ಮಕ್ಕಳು ಇವರನ್ನು ‘ರೂಟ್ ಅಂಕಲ್’ ಎನ್ನುತ್ತಾರೆ. ನಿಜವಾದ ಹೆಸರು ಬೇಕಿಲ್ಲ. ಕೊಲ್ಲಿಯ ಪ್ರತಿ ಊರಿನಲ್ಲೂ ಇಂಥವರೊಬ್ಬರು ಸಿಗುತ್ತಾರೆ.

ರೂಟ್ ಅಂಕಲ್ ಬಂಟ್ವಾಳದ ಕಡೆಯವರು. ಜೀವ ಇರುವುದು ನೇತ್ರಾವತಿಯ ದಂಡೆಯ ರಸ್ತೆಗಳಲ್ಲಿ, ಸೈಕಲ್ ಇರುವುದು ಮನಾಮದ ಫ್ಲ್ಯಾಟಿನ ಬಾಲ್ಕನಿಯಲ್ಲಿ. ಬಹ್ರೇನಿನಲ್ಲಿ ನದಿಯೇ ಇಲ್ಲ. ಗುಡ್ಡವೆಂದರೆ ಜಬಲ್ ಅದ್ ದುಖಾನ್, ಎತ್ತರ 134 ಮೀಟರ್. ಅಂಥ ಆರು ದುಖಾನ್‌ಗಳನ್ನು ಒಂದರ ಮೇಲೊಂದು ಪೇರಿಸಿದರೂ ಚಾರ್ಮಾಡಿ ಹತ್ತಿದ ಮೇಲೆ ಸಿಗುವ ಕೊಟ್ಟಿಗೆಹಾರದ ನೀರುದೋಸೆ ಹೋಟೆಲಿನ ಮಟ್ಟ ಮುಟ್ಟುವುದಿಲ್ಲ. ಈ ಲೆಕ್ಕ ಅಂಕಲ್ಲಿನದೇ, ಕೇಳದಿದ್ದರೂ ಹೇಳುತ್ತಾರೆ. ಏರು ಇಲ್ಲದ ಕೊರತೆಯನ್ನು ಇಲ್ಲಿ ಗಾಳಿ ತೀರಿಸುತ್ತದೆ. ವಾಯವ್ಯದಿಂದ ಬೀಸುವ ಶಮಾಲ್ ಎದುರಾದ ದಿನ ಮಟ್ಟಸ ರಸ್ತೆಯಲ್ಲೇ ಏದುಸಿರು ಬರುತ್ತದೆ, ಬಾಯಿ ತೆರೆದರೆ ಹಲ್ಲಿಗೆ ಮರಳು ಸಿಗುತ್ತದೆ. ಅಂಕಲ್ ಆಗಲೂ ಬಾಯಿ ಮುಚ್ಚುವುದಿಲ್ಲ.

ಒಂದು ಯುಗಾದಿ ಊಟದ ಪ್ರಸಂಗ ಕೇಳಿ. ಹೊಸದಾಗಿ ಬಂದ ಹುಡುಗನೊಬ್ಬ, ಮೈಸೂರಿನವನು, ಬಡಿಸುವ ಸಾಲಿನಲ್ಲಿ ನಿಂತು ಸುಮ್ಮನೆ ಕೇಳಿದ: ‘ಅಂಕಲ್, ಡಿಸೆಂಬರಿನಲ್ಲಿ ಅಮ್ಮನನ್ನು ಧರ್ಮಸ್ಥಳಕ್ಕೆ ಕರ್ಕೊಂಡು ಹೋಗ್ಬೇಕು. ಮಂಗಳೂರಿಂದ ಕಾರಲ್ಲಿ ಯಾವ ಕಡೆ ಹೋಗೋದು?’ ಬಂಟ್ವಾಳ, ಬೆಳ್ತಂಗಡಿ, ಉಜಿರೆ, 75 ಕಿಲೋಮೀಟರ್ ಎಂದರೆ ಮುಗಿಯುವ ಉತ್ತರ. ಸುತ್ತಲಿದ್ದವರೆಲ್ಲ ಕಣ್ಣಿನಲ್ಲೇ ‘ಬೇಡಪ್ಪಾ’ ಎಂದರು. ತಡವಾಗಿತ್ತು.

‘ಆ ರೋಡಲ್ಲಿ ಹೋದ್ರೆ ಎಂತ ಸಿಗ್ತದೆ ಮಾರಾಯ? ಹೊಳೆಯೇ ಕಾಣುದಿಲ್ಲ!’ ಎಂದು ಶುರುವಾಯಿತು. ಫರಂಗಿಪೇಟೆ ದಾಟಿ ತುಂಬೆ. ಅಲ್ಲಿ ಕಿಂಡಿ ಅಣೆಕಟ್ಟು, ಮಂಗಳೂರು ನಗರ ಕುಡಿಯುವ ನೀರು ಅಲ್ಲಿಯದೇ. ಆಮೇಲೆ ಬಿ.ಸಿ. ರೋಡು. ಪಾಣೆಮಂಗಳೂರಿನಲ್ಲಿ ಹೊಸ ಸೇತುವೆ ಬಿಟ್ಟು ಬ್ರಿಟಿಷರ ಕಾಲದ ಹಳೇ ಸೇತುವೆಯ ಮೇಲೆ ನಿಲ್ಲಬೇಕು. ನಿಂತು 1923ರ ಮಹಾನೆರೆ ‘ಮಾರಿಬೊಳ್ಳ’ವನ್ನು ನೆನೆಯಬೇಕು, ಹಾಗೆಯೇ 1974ರ ನೆರೆಯಲ್ಲಿ ಬಂಟ್ವಾಳದ ಪೇಟೆಗೆ ನೀರು ನುಗ್ಗಿದ್ದನ್ನೂ. ಈಚೆ ದಂಡೆಗೆ ಕಡೇಶಿವಾಲಯ, ಆಚೆ ದಂಡೆಗೆ ಸರಪಾಡಿ, ಅಜಿಲಮೊಗರು. ಅಡಿಕೆ ತೋಟದ ನೆರಳು, ಒಂದು ಇಳಿಜಾರು, ಕೂಡಲೇ ಒಂದು ಏರು. ಫೋನು ಹೊರಬಂತು. ಏರಿಳಿತದ ನಕ್ಷೆ ಹುಡುಗನ ಊಟದ ತಟ್ಟೆಯ ಮೇಲೆ ತೂಗಾಡಿತು. ಉಪ್ಪಿನಂಗಡಿಗೆ ಬಂದು, ಕುಮಾರಧಾರೆ ಕೂಡುವಲ್ಲಿ ಸಹಸ್ರಲಿಂಗೇಶ್ವರನಿಗೆ ಕೈಮುಗಿದು, ನೆಲ್ಯಾಡಿಯ ಆಚೆ ಪೆರಿಯಶಾಂತಿಯಲ್ಲಿ ಎಡಕ್ಕೆ ತಿರುಗಿ ಕೊಕ್ಕಡದ ಕಾಡು ಹೊಕ್ಕುವಷ್ಟರಲ್ಲಿ ಹಿಂದಿನ ಸಾಲು ಮುಂದೆ ಹೋಗಿ, ಉಂಡು, ಕೈ ತೊಳೆದಿತ್ತು. ‘ಅಂಕಲ್, ಅಮ್ಮನಿಗೆ ಮಂಡಿನೋವು, ಸೈಕಲ್ ಅಲ್ಲ, ಕಾರು’ ಎಂದು ಹುಡುಗ ಹೇಳಲು ನೋಡಿದ್ದು ಯಾರ ಕಿವಿಗೂ ಬೀಳಲಿಲ್ಲ. ಆ ಸಾಲಿನಲ್ಲಿ ಅವನ ಹಿಂದೆಯೇ ನಿಂತಿದ್ದ ಇದನ್ನು ಬರೆದವರಿಗೆ ಅಂದು ಪಾಯಸ ಸಿಗಲಿಲ್ಲ ಎಂಬುದು ಇಲ್ಲಿ ಮುಖ್ಯವಲ್ಲ. ಆದರೂ ಹೇಳಬೇಕೆನಿಸಿತು.

ಶುಕ್ರವಾರ ರಜೆ. ನಸುಕಿಗೆ ಮುಂಚೆ ಅಂಕಲ್ಲಿನ ಸೈಕಲ್ ತಂಡ ಹೊರಡುತ್ತದೆ. ಆ ಹೊತ್ತಿಗೆ ಬೀದಿಯಲ್ಲಿರುವವರು ಹ್ಯಾಂಡಲ್ಲಿಗೆ ಬಕೆಟ್ ತೂಗಿಸಿಕೊಂಡು ಕಾರು ತೊಳೆಯಲು ಹೋಗುವ ಸೈಕಲ್ಲಿನ ಹುಡುಗರು ಮಾತ್ರ. ಅವರಿಗೆ ಹೆಲ್ಮೆಟ್ಟಿಲ್ಲ, ಗೇರಿಲ್ಲ, ಎದುರುಗಾಳಿಯ ಬಗ್ಗೆ ದೂರೂ ಇಲ್ಲ. ಅಂಕಲ್ ಅವರಿಗೆ ಪ್ರತಿ ವಾರ ಸಲಾಂ ಹೇಳುತ್ತಾರೆ. ತಂಡದ ಉಳಿದವರು ಬೆಳಕು ಬರುವ ಮುಂಚೆ ತಮ್ಮ ಬಿಗಿ ಚಡ್ಡಿಯನ್ನು ಯಾರೂ ನೋಡದಿದ್ದರೆ ಸಾಕು ಎಂಬಂತೆ ಬೇಗ ಬೇಗ ತುಳಿಯುತ್ತಾರೆ.

ಮನಾಮದಿಂದ ಮರುಭೂಮಿಯ ನಡುವೆ ಒಂಟಿಯಾಗಿ ನಿಂತ ‘ಜೀವವೃಕ್ಷ’ಕ್ಕೆ ಹೋಗಿ ಬಂದರೆ ಹೆಚ್ಚುಕಡಿಮೆ ಮಂಗಳೂರಿನಿಂದ ಧರ್ಮಸ್ಥಳದಷ್ಟೇ ದೂರ. ಈ ಕಾಕತಾಳೀಯ ಅಂಕಲ್ಲಿನ ತಲೆಗೆ ಹೊಳೆದದ್ದೇ ತಂಡದ ದುರದೃಷ್ಟ. ಅಂದಿನಿಂದ ರಿಫಾ ಬಿ.ಸಿ. ರೋಡಾಗಿದೆ. ಅವಾಲಿ ಮಾಣಿಯಾಗಿದೆ. ಫಾರ್ಮುಲಾ ಒನ್ ಕಾರುಗಳು 2004ರಿಂದ ಓಡುತ್ತಿರುವ ಸಾಖಿರ್ ಉಪ್ಪಿನಂಗಡಿ. ‘ಎಡಕ್ಕೆ ಸಂಗಮ, ನೋಡಿ’ ಎಂದು ಕೈ ಚಾಚಿದರೆ ಅಲ್ಲಿ ಎಣ್ಣೆಯ ಪೈಪುಗಳು ಬಿಸಿಲಿಗೆ ಹೊಳೆಯುತ್ತಿರುತ್ತವೆ. ಕೊನೆಗೆ ಮರದ ಬುಡ ಮುಟ್ಟಿದಾಗ ‘ಸ್ನಾನಘಟ್ಟ ಬಂತು!’ ಎಂದು ಬಾಟಲಿಯ ನೀರನ್ನು ತಲೆಗೆ ಸುರಿದುಕೊಳ್ಳುತ್ತಾರೆ. ಮರ ನೋಡಲು ಬಂದ ಪ್ರವಾಸಿಗಳು ಇದೂ ಸ್ಥಳೀಯ ಆಚರಣೆಯೇ ಇರಬೇಕೆಂದು ಫೋಟೊ ತೆಗೆದುಕೊಂಡದ್ದುಂಟು.

ಬಹ್ರೇನಿನ ಹೆಸರು ಹೊತ್ತ ವೃತ್ತಿಪರ ಸೈಕಲ್ ತಂಡ 2017ರಲ್ಲಿ ಶುರುವಾದ ಮೇಲಂತೂ ಅಂಕಲ್ಲನ್ನು ಹಿಡಿಯುವವರಿಲ್ಲ. ಟೂರ್ ಡಿ ಫ್ರಾನ್ಸ್‌ನಲ್ಲಿ ‘ನಮ್ಮ ಹುಡುಗರು’ ಆಲ್ಪ್ಸ್ ಹತ್ತುವಾಗ ಅಂಕಲ್ ಸೋಫಾದ ಮೇಲೆ ಮುಂದಕ್ಕೆ ಬಾಗಿ ಕೂರುತ್ತಾರೆ. 2021ರ ಪ್ಯಾರಿಸ್–ರೂಬೆ ಸ್ಪರ್ಧೆಯಲ್ಲಿ ಅದೇ ತಂಡದ ಸೊನ್ನಿ ಕೊಲ್‌ಬ್ರೆಲ್ಲಿ ಅಡಿಯಿಂದ ಮುಡಿಯವರೆಗೆ ಕೆಸರಾಗಿ ಗೆದ್ದಾಗ ಇವರು ಹೇಳಿದ್ದಿಷ್ಟು: ‘ಇದೆಲ್ಲ ಎಂತ ಕೆಸರು? ಜುಲೈಯಲ್ಲಿ ಶಿರಾಡಿಗೆ ಬರ್ಲಿ.’

ಅವರ ಹೆಂಡತಿಯನ್ನು ಕೇಳಿದರೆ ಚಿತ್ರ ಸ್ವಲ್ಪ ಬೇರೆ. ‘ಊರಿಗೆ ಹೋದ್ರೆ ಇವ್ರು ಸೈಕಲ್ ಮುಟ್ಟುದೇ ಇಲ್ಲ. ಮದುವೆ, ಗೃಹಪ್ರವೇಶ, ಕೋಲ, ಎಲ್ಲ ಕಾರಲ್ಲೇ.’ ಅಂದರೆ ನೇತ್ರಾವತಿಯ ಕಣಿವೆಯಲ್ಲಿ ಅಂಕಲ್ ಸೈಕಲ್ ತುಳಿದದ್ದು ಹೈಸ್ಕೂಲಿನ ದಿನಗಳಲ್ಲಿ, ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯ ಸೈಕಲ್ಲಿನಲ್ಲಿ, ಅದೂ ಕಾಲು ಪೆಡಲಿಗೆ ಎಟುಕದೆ ಬಾರಿನ ಅಡಿಯಿಂದ ತೂರಿಸಿ. ಏರಿಳಿತದ ನಕ್ಷೆ, ಗೇರಿನ ಲೆಕ್ಕ ಎಲ್ಲ ಆಮೇಲೆ ಮರುಭೂಮಿಯಲ್ಲಿ ಕೂತು ಕೂಡಿಸಿಕೊಂಡದ್ದು. ಇದು ಗೊತ್ತಾದ ಮೇಲೆ ಅವರ ಮೇಲೆ ಪೂರಾ ಸಿಟ್ಟು ಮಾಡುವುದು ಕಷ್ಟ.

ಅವರ ಹೊಳೆಯ ಕತೆಯನ್ನು ಪೂರ್ತಿ ಕೇಳುವ ಒಬ್ಬರೇ ಒಬ್ಬರು ಕಚೇರಿಯ ಹಿರಿಯ ಬಹ್ರೇನಿ ಸಹೋದ್ಯೋಗಿ. ಹುಡುಗನಾಗಿದ್ದಾಗ ಅವರು ಐನ್ ಅಧಾರಿಯಲ್ಲಿ ಈಜಿದವರು. ಅಧಾರಿ ಎಂದರೆ ಮನಾಮದ ಹತ್ತಿರ ತಾನಾಗಿ ಉಕ್ಕುತ್ತಿದ್ದ ಬುಗ್ಗೆ. ಅದರ ನೀರು ಕಾಲುವೆಗಳಲ್ಲಿ ಹರಿದು ಖರ್ಜೂರದ ತೋಟಗಳನ್ನು ಹಸಿರಾಗಿಟ್ಟಿತ್ತು. ಸಮುದ್ರದ ತಳದಲ್ಲೂ ಸಿಹಿನೀರಿನ ಬುಗ್ಗೆಗಳಿದ್ದು, ಮುತ್ತು ತೆಗೆಯುವವರು ಚರ್ಮದ ಚೀಲ ಹಿಡಿದು ಮುಳುಗಿ ಕುಡಿಯುವ ನೀರು ತರುತ್ತಿದ್ದರು. ನ್ಯೂಜಿಲೆಂಡಿನ ಫ್ರಾಂಕ್ ಹೋಮ್ಸ್ ಇಲ್ಲಿ ನೀರಿಗಾಗಿ ಬಾವಿ ಕೊರೆದುಕೊಟ್ಟ; ಅದರ ಮೆಚ್ಚುಗೆಗೆ 1925ರಲ್ಲಿ ಎಣ್ಣೆ ಹುಡುಕುವ ಹಕ್ಕು ಸಿಕ್ಕಿತು; 1932ರಲ್ಲಿ ದುಖಾನ್ ಬುಡದಲ್ಲಿ ಎಣ್ಣೆ ಬಂತು. ಅಂತರ್ಜಲವನ್ನು ಪಂಪುಗಳು ಎಳೆಯುತ್ತ ಹೋದಂತೆ ಬುಗ್ಗೆಗಳು ಬತ್ತಿದವು. ಅಧಾರಿಯ ಜಾಗದಲ್ಲಿ ಈಗ ಮಕ್ಕಳ ಮನರಂಜನೆಯ ಉದ್ಯಾನವಿದೆ. ಇಬ್ಬರೂ ಚಹಾ ಹಿಡಿದು, ಒಬ್ಬರು ಇಲ್ಲದ ಬುಗ್ಗೆಯನ್ನೂ ಇನ್ನೊಬ್ಬರು ದೂರದ ಹೊಳೆಯನ್ನೂ ಹೊಗಳುತ್ತ ಕೂತರೆ ಕಚೇರಿಯ ಕೆಲಸ ನಿಲ್ಲುತ್ತದೆ.

ಆ ಹಿರಿಯರಿಂದಲೇ ಅಂಕಲ್ ಒಂದು ಗಾದೆ ಕಲಿತರು: ‘ಅಧಾರಿಯ ಹಾಗೆ, ಹತ್ತಿರದ್ದನ್ನು ಬಿಟ್ಟು ದೂರದ್ದಕ್ಕೆ ನೀರುಣಿಸುವುದು.’ ಕಲಿತವರು ಸುಮ್ಮನಿರಬೇಕಲ್ಲ! ಮುಂದಿನ ಕೂಟದಲ್ಲೇ ಅದನ್ನು ಎತ್ತಿನಹೊಳೆ ಯೋಜನೆಯ ಮೇಲೆ ಪ್ರಯೋಗಿಸಿದರು. ಸಕಲೇಶಪುರದ ಕಡೆಯ ಹಳ್ಳಗಳಿಂದ 24 ಟಿಎಂಸಿ ನೀರನ್ನು ಪೂರ್ವಕ್ಕೆ, ಕೋಲಾರದ ಕಡೆಗೆ, ಎತ್ತುವ, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಯಾದ ಯೋಜನೆ ಅದು. ಆ ಹಳ್ಳಗಳು ಕುಮಾರಧಾರೆಗೆ, ಅಲ್ಲಿಂದ ನೇತ್ರಾವತಿಗೆ ಸೇರುವಂಥವು. ಪಕ್ಕದ ಮೇಜಿನಲ್ಲಿ ಕೋಲಾರದವರೊಬ್ಬರು ಕೂತಿದ್ದನ್ನು ಅಂಕಲ್ ಗಮನಿಸಿರಲಿಲ್ಲ.

‘ಸಾರ್, ನಿಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಸುರಿಯುತ್ತೆ, ನಮ್ಮಲ್ಲಿ ಏಳುನೂರು ಚಿಲ್ಲರೆ. ಸಮುದ್ರದ ನೀರನ್ನ ಸಿಹಿ ಮಾಡಿ ಕುಡಿಯೋ ದೇಶದಲ್ಲಿ ಕೂತ್ಕೊಂಡು ನಮಗೆ ನೀರಿನ ಗಾದೆ ಹೇಳ್ತೀರಲ್ಲ!’

ಅಂಕಲ್ ಮೌನವಾದದ್ದನ್ನು ಕೂಟದ ಜನ ಮೊದಲ ಸಲ ಕಂಡರು. ಅದು ಬೇಸಿಗೆಯ ಏಪ್ರಿಲ್–ಮೇಯಲ್ಲಿ ತುಂಬೆಯ ನೀರಿನ ಮಟ್ಟ ಎಷ್ಟಿಳಿಯುತ್ತದೆ ಎಂಬ ಲೆಕ್ಕ ಫೋನಿನಲ್ಲಿ ಹುಡುಕುವವರೆಗಿನ ಮೌನ. ವಾದ ಅಂದು ಮುಗಿಯಲಿಲ್ಲ. ಮುಂದಿನ ಶುಕ್ರವಾರ ಕೋಲಾರದವರು ಯಾರದೋ ಸೈಕಲ್ ಕೇಳಿ ಪಡೆದು ವಾದ ಮುಂದುವರಿಸಲೆಂದೇ ಹಾಜರಾದರು. ರಿಫಾ ದಾಟಿತು, ಅವಾಲಿ ದಾಟಿತು.

‘ಇದು ಉಪ್ಪಿನಂಗಡಿ’ ಎಂದರು ಅಂಕಲ್, ಸಾಖಿರ್ ತಲುಪಿದಾಗ.

‘ಹಾಗಾದ್ರೆ ಸಕಲೇಶಪುರ ಎಲ್ಲಿ? ನಮ್ಮ ಪೈಪು ಅಲ್ಲಿಂದ ತಾನೇ ಹೊರಡೋದು?’

ಅಂಕಲ್ ಬ್ರೇಕ್ ಹಿಡಿದು, ನಿಂತು, ಯೋಚಿಸಿ, ರೇಸ್ ಟ್ರ್ಯಾಕಿನ ಗೋಪುರದ ಕಡೆ ಬೆರಳು ತೋರಿಸಿದರು.

‘ಅಷ್ಟು ಹತ್ತಿರಾನಾ?’

‘ಎಂತದು ಹತ್ತಿರ ಮಾರಾಯ್ರೆ! ನಡುವೆ ಶಿರಾಡಿ ಘಾಟಿ ಉಂಟಲ್ಲ’ ಎನ್ನುತ್ತ ಅಂಕಲ್ ಅಂಗೈಯಂತೆ ಮಟ್ಟಸವಾದ ರಸ್ತೆಯಲ್ಲಿ ಗೇರು ಪೂರ್ತಿ ಇಳಿಸಿದರು. ಹಿಂದಿದ್ದವರೆಲ್ಲ, ಕೋಲಾರದವರೂ ಸೇರಿ, ಬೇರೆ ದಾರಿ ಕಾಣದೆ ತಾವೂ ಇಳಿಸಿದರು.