135 ಡಿಗ್ರಿ

ಪ್ರತಿ ತಿಂಗಳು 11ರಿಂದ 20ರವರೆಗೆ ನನ್ನ ಬೆನ್ನು ನನ್ನದಲ್ಲ, ಜಿಎಸ್‌ಟಿಯವರದು. 11ಕ್ಕೆ ಮಾರಾಟದ ಲೆಕ್ಕ ಒಪ್ಪಿಸಬೇಕು, 20ಕ್ಕೆ ತೆರಿಗೆ ಕಟ್ಟಿಸಿ 3ಬಿ ರಿಟರ್ನ್ ಹಾಕಬೇಕು. ನಮ್ಮ ಪಾರ್ಟಿಗಳೆಲ್ಲ ಪುಣ್ಯವಂತರು. 19ರ ರಾತ್ರಿ ಊಟ ಮುಗಿಸಿ, ಬಿಲ್ಲಿನ ಕಟ್ಟನ್ನು ಒಂದೊಂದೇ ಫೋಟೊ ಹೊಡೆದು ವಾಟ್ಸಾಪಿಗೆ ಸುರಿದು, ಕೊನೆಗೊಂದು ಕೈಮುಗಿದ ಚಿತ್ರ ಹಾಕಿ ಮಲಗಿಬಿಡುತ್ತಾರೆ. ಎದ್ದು ಕೂತಿರುವವನು ನಾನು. ಜುಲೈ ಬಂತೆಂದರೆ ಇನ್‌ಕಮ್ ಟ್ಯಾಕ್ಸಿನ ಗಿರಾಕಿಗಳೂ ಬಂದು ಸೇರಿಕೊಳ್ಳುತ್ತಾರೆ.

ಕೂರುವುದೆಂದರೆ ಊಟದ ಮೇಜಿನ ಕುರ್ಚಿಯಲ್ಲಿ. ತೇಗದ ಮರದ್ದು, ಮಾವನವರ ಮನೆಯಿಂದ ಬಂದದ್ದು. ಹಾಗಾಗಿ ಅದರ ವಿಷಯದಲ್ಲಿ ಬಹಿರಂಗವಾಗಿ ಏನೂ ಹೇಳುವಂತಿಲ್ಲ. ಸೀಟು ಮಟ್ಟಸ, ಬೆನ್ನು ನೆಟ್ಟಗೆ. ಮಾಡಿದ ಆಚಾರಿಗೆ ಗುಂಡು, ಮಟ್ಟಗೋಲು ಎರಡರ ಮೇಲೂ ಹಿಡಿತವಿತ್ತು. ಅದರ ಮೇಲೆ ಕೂರುವ ಪ್ರಾಣಿಯನ್ನು ಮಾತ್ರ ಅವನು ನೋಡಿದಂತಿರಲಿಲ್ಲ. ನಾನು ಅದಕ್ಕೊಂದು ದಿಂಬು ಹಾಕಿದೆ. ದಿಂಬಿನ ಮೇಲೆ ಮಡಿಸಿದ ಜಮಖಾನ. ಸೊಂಟದ ಹಿಂದೆ ಸುರುಳಿ ಸುತ್ತಿದ ಟರ್ಕಿ ಟವೆಲ್. ಇಷ್ಟಾಗುವಾಗ ಕಾಲು ನೆಲಕ್ಕೆ ಎಟುಕದೆ ನೇತಾಡತೊಡಗಿತು. ಕಾಲಡಿಗೆ ಇಡಲು ಸರಿಯಾದ ದಪ್ಪಕ್ಕೆ ಸಿಕ್ಕಿದ್ದು 2017ರ ಜಿಎಸ್‌ಟಿ ಕಾಯ್ದೆ, ವ್ಯಾಖ್ಯಾನ ಸಮೇತ. ಪುಸ್ತಕಕ್ಕೆ ಕಾಲು ತಾಗಿಸುವುದುಂಟೆ? ದಿನವೂ ಕೆಲಸ ಮುಗಿದ ಮೇಲೆ ಅದನ್ನೆತ್ತಿ ಕಣ್ಣಿಗೊತ್ತಿಕೊಂಡೇ ಮಲಗುತ್ತಿದ್ದೆ.

ಬೆನ್ನುನೋವು ಎಂದು ಯಾರೆದುರಾದರೂ ಬಾಯಿ ಬಿಟ್ಟಿರೋ, ಕೆಟ್ಟಿರಿ. ನಮ್ಮ ಚಿಕ್ಕಪ್ಪ ಖಜಾನೆಯಲ್ಲಿದ್ದವರು. "ಸರ್ವೀಸ್ ಪೂರ್ತಿ ಬೆತ್ತದ ಕುರ್ಚಿ ಮೇಲೆ ಕೂತವರು ಕಣಯ್ಯಾ ನಾವು. ಏನಾಯ್ತು?" ಎಂದು ಕೇಳಿದರು. ಕೇಳುವಾಗ ಗೋಡೆ ಹಿಡಿದುಕೊಂಡು ಎದ್ದೇಳುತ್ತಿದ್ದರು. ಮಹಡಿ ಮನೆಯವರಿಗೆ ನೆಲವೇ ಔಷಧ. ಚಕ್ಕಳಮಕ್ಕಳ ಹಾಕಿ ಕೂತು ಕೆಲಸ ಮಾಡಿ ಸಾರ್, ನಮ್ಮ ಪೂರ್ವಿಕರಿಗೆ ಈ ಬೆನ್ನುನೋವೆಲ್ಲ ಎಲ್ಲಿತ್ತು ಎಂದರು. ಪೂರ್ವಿಕರು ಇ-ವೇ ಬಿಲ್ ತೆಗೆಯುತ್ತಿರಲಿಲ್ಲವಲ್ಲ ಎಂದೆ. ಅಂದಿನಿಂದ ನೀರಿನ ಟ್ಯಾಂಕ್ ತುಂಬಿದರೂ ನಮಗೆ ಕೂಗಿ ಹೇಳುತ್ತಿಲ್ಲ.

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು "ಎಲ್4, ಎಲ್5 ಮಧ್ಯೆ ಗ್ಯಾಪ್ ಸ್ವಲ್ಪ ಕಮ್ಮಿಯಾಗಿದೆ" ಎಂದರು. ಸೊಂಟದ ಭಾಗದಲ್ಲಿ ಐದು ಕಶೇರುಗಳು. ಕೆಳಗಿನ ಈ ಎರಡು, ಕೂಡುಕುಟುಂಬದ ಹಿರಿಸೊಸೆಯರ ಹಾಗೆ, ಮೇಲಿನವರ ಭಾರವನ್ನೆಲ್ಲ ಹೊರುವಂಥವು. "ಗಾಬರಿ ಏನಿಲ್ಲ. ಒಳ್ಳೇ ಕುರ್ಚಿ ಒಂದು ತಗೊಳ್ಳಿ."

ಕುರ್ಚಿ ಕೊಳ್ಳುವುದೆಂದರೆ ಅಂಗಡಿಗೆ ಹೋಗಿ ಕೊಳ್ಳುವುದು ಎಂದು ತಿಳಿದವಳು ನನ್ನ ಹೆಂಡತಿ. ನಾನು ಅಧ್ಯಯನಕ್ಕೆ ಕೂತೆ, ಅದೇ ತೇಗದ ಕುರ್ಚಿಯಲ್ಲಿ. ಡೌನ್ ಹೌಸಿನ ತನ್ನ ಓದುವ ಕೋಣೆಯಲ್ಲಿ ಡಾರ್ವಿನ್ ಕುರ್ಚಿಗೆ ಗಾಲಿ ಹಾಕಿಸಿಕೊಂಡಿದ್ದ. ಒಂದು ಮಾದರಿಯಿಂದ ಇನ್ನೊಂದಕ್ಕೆ ಏಳದೆಯೇ ಉರುಳಿಕೊಂಡು ಹೋಗಲು. ಜೀವವಿಕಾಸ ಕಂಡವನಿಗೂ ಎದ್ದೇಳುವುದು ಬೇಜಾರೇ ಎಂದು ತಿಳಿದು ಸಮಾಧಾನವಾಯಿತು. ಅಮೆರಿಕದ ಥಾಮಸ್ ವಾರೆನ್ 1849ರಲ್ಲಿ ಸ್ಪ್ರಿಂಗಿನ ಮೇಲೆ ಕೂತು ತಿರುಗುವ ಕುರ್ಚಿ ಮಾಡಿದ. ಅದು 1851ರ ಲಂಡನ್ ಮಹಾಪ್ರದರ್ಶನಕ್ಕೂ ಹೋಯಿತು. ಗಾಲಿ ಕುರ್ಚಿಗೆ ನಾಲ್ಕರ ಬದಲು ಐದು ಕಾಲಿರುವುದು ಪಕ್ಕಕ್ಕೆ ವಾಲಿದಾಗ ಮಗುಚಿಕೊಳ್ಳದಿರಲಿ ಎಂದು. ಅಂಗಡಿಯವರು ಹೈಡ್ರಾಲಿಕ್ ಎನ್ನುವ ಆ ನಡುಗಂಬದ ಒಳಗೆ ಕುರ್ಚಿಯನ್ನು ಮೇಲೆತ್ತುವುದು ಎಣ್ಣೆಯಲ್ಲ, ಒತ್ತಿ ತುಂಬಿದ ಸಾರಜನಕ. ಇದನ್ನು ಊಟದ ಹೊತ್ತಿಗೆ ಘೋಷಿಸಿದೆ. "ಮೊದಲು ಸಾರು ಜನಕ್ಕೆ ಸಾಲುತ್ತಾ ನೋಡಿ" ಎಂದಳು ಇವಳು.

ಈ ಲೋಕದ ಮೇರುಪರ್ವತ ಏರಾನ್. ಬಿಲ್ ಸ್ಟಂಫ್, ಡಾನ್ ಚಾಡ್ವಿಕ್ ಎಂಬಿಬ್ಬರು ವಿನ್ಯಾಸ ಮಾಡಿದ್ದು, 1994ರಲ್ಲಿ ಬಂದದ್ದು. ಸ್ಪಂಜಿಲ್ಲ, ಚರ್ಮವಿಲ್ಲ, ಬರೀ ಬಿಗಿದ ಬಲೆ. ಅಂಗಿಯ ಹಾಗೆ ಎ, ಬಿ, ಸಿ ಎಂದು ಮೂರು ಅಳತೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಸಂಗ್ರಹದಲ್ಲೂ ಇದೆ. ಹೊಸತಕ್ಕೆ ಲಕ್ಷ ದಾಟುತ್ತದೆ. ಬೆನ್ನಿಗೆ ಗಾಳಿಯಾಡಲಿ ಎಂಬುದೇ ಆ ಬಲೆಯ ಗುಟ್ಟು ಎಂದು ಓದುವಾಗ ಚಿಕ್ಕಪ್ಪನ ಬೆತ್ತದ ಹೆಣಿಗೆ ನೆನಪಾಯಿತು. ಅವರಿಗೆ ಇದುವರೆಗೂ ಹೇಳಿಲ್ಲ, ಹೇಳುವುದೂ ಇಲ್ಲ.

"ಮಾಮ, ಗೇಮಿಂಗ್ ಚೇರ್ ತಗೋ" ಎಂದ ಅಕ್ಕನ ಮಗ. ಕೆಂಪು ಕಪ್ಪು ಬಣ್ಣ, ಎರಡೂ ಮಗ್ಗುಲಲ್ಲಿ ದಪ್ಪ ಅಂಚು, ಥೇಟ್ ರೇಸ್ ಕಾರಿನ ಸೀಟು. ರೇಸಿನಲ್ಲಿ ಕಾರು ಗಕ್ಕನೆ ತಿರುಗಿದಾಗ ಚಾಲಕ ಪಕ್ಕಕ್ಕೆ ಎಸೆಯಲ್ಪಡದಿರಲಿ ಎಂದು ಆ ಅಂಚು. ನನ್ನ ಕೆಲಸದಲ್ಲಿ ಅಂಥ ತಿರುವುಗಳಿಲ್ಲ. ಇಲಾಖೆಯ ನೋಟಿಸ್ ಬಂದಾಗ ಒಂದೊಂದು ಸಲ.

ಇಷ್ಟರಲ್ಲಿ ಸಿಕ್ಕಿದ್ದು ಅಬರ್ಡೀನ್. ಸ್ಕಾಟ್ಲೆಂಡಿನ ಆ ಊರಿನ ಆಸ್ಪತ್ರೆಯಲ್ಲಿ 22 ಮಂದಿ ಆರೋಗ್ಯವಂತರನ್ನು ಬೇರೆ ಬೇರೆ ಭಂಗಿಯಲ್ಲಿ ಕೂರಿಸಿ ಎಂಆರ್‌ಐ ತೆಗೆದಿದ್ದರು. ಮೇಷ್ಟರು ಹೇಳಿಕೊಟ್ಟಂತೆ ನೆಟ್ಟಗೆ 90 ಡಿಗ್ರಿಯಲ್ಲಿ ಕೂತಾಗ ಬೆನ್ನಿನ ಡಿಸ್ಕುಗಳು ಹೆಚ್ಚು ಜರುಗಿದ್ದವು. ಹಿಂದಕ್ಕೆ ಒರಗಿ 135 ಡಿಗ್ರಿಯಲ್ಲಿ ಕೂತವರ ಬೆನ್ನು ಎಲ್ಲಕ್ಕಿಂತ ನಿರಾಳ. 2006ರಲ್ಲಿ ಇದನ್ನು ಮಂಡಿಸಿದರು. ನೆಟ್ಟಗೆ ಕೂರು ಎಂದು ಬೆನ್ನಿಗೆ ಗುದ್ದಿದ ಅಷ್ಟೂ ಮೇಷ್ಟರುಗಳನ್ನು ನೆನೆದು ಹಲ್ಲು ಕಡಿದೆ. 135 ಡಿಗ್ರಿಯಲ್ಲಿ ಕೂತವನಿಗೆ ಕಂಪ್ಯೂಟರ್ ಕಾಣುವುದಿಲ್ಲ, ಸೂರು ಕಾಣುತ್ತದೆ ಎಂಬ ಸಣ್ಣ ತೊಡಕು ಆಗ ಹೊಳೆಯಲಿಲ್ಲ.

ಅಂಗಡಿ ಹೊರವರ್ತುಲ ರಸ್ತೆಯಲ್ಲಿ, ಮೂರು ಮಹಡಿ. ಇವಳು ಚಪ್ಪಲಿ ಸ್ಟ್ಯಾಂಡ್ ನೋಡುತ್ತೇನೆಂದು ಕೆಳಗೇ ಉಳಿದಳು. ಮೇಲೆ ಎಲ್ಲಿ ನೋಡಿದರೂ ಕುರ್ಚಿ. ಎತ್ತರದ ಬೆನ್ನಿನವು ಬಾಸ್ ಚೇರ್, ತಗ್ಗಿನವು ವರ್ಕ್‌ಸ್ಟೇಷನ್ ಚೇರ್, ಗಾಲಿಯಿಲ್ಲದವು ವಿಸಿಟರ್ ಚೇರ್. ಜಾತಿ ಪದ್ಧತಿ ಅಲ್ಲೂ ಸ್ಪಷ್ಟ. ತೋರಿಸಲು ಬಂದವಳು ಗದಗ ಕಡೆಯ ಹುಡುಗಿ. "ಎಂಥಾದ್ದು ಬೇಕ್ರಿ ಸರ್?"

"135 ಡಿಗ್ರಿಯದು."

ಅವಳು ಒಂದು ಕ್ಷಣ ನನ್ನನ್ನು ನೋಡಿ, ಮಾತಾಡದೆ, ಬಲೆ ಬೆನ್ನಿನ ಒಂದನ್ನು ಎಳೆದು ತಂದಳು. ಬಲಕ್ಕೆ ಎರಡು ಹಿಡಿ, ಎಡಕ್ಕೊಂದು, ಸೀಟಿನಡಿ ಒಂದು ತಿರುಗಣೆ. ಒರಗುವಾಗ ಎಷ್ಟು ಬಿಗಿ ಇರಬೇಕೆಂಬುದನ್ನು ಕೂರುವವರ ತೂಕ ನೋಡಿ ಆ ತಿರುಗಣೆಯಿಂದ ಹೊಂದಿಸುತ್ತಾರೆ. ನನಗಿಂತ ಮುಂಚೆ ಕೂತವನು ಒಣಕಲು ಹುಡುಗನಂತೆ, ಅವನಿಗೆಂದು ಪೂರ್ತಿ ಸಡಿಲಿಸಿದ್ದರು. ಇದು ಆಮೇಲೆ ತಿಳಿದದ್ದು. ಅವಳು ಬೆಲೆಯ ಚೀಟಿ ತರಲು ಅತ್ತ ಹೋದಳು. 82 ಕಿಲೊ ತೂಕದ ನಾನು ಇತ್ತ ಒರಗಿದೆ.

ಒರಗಿದೆ ಎನ್ನುವುದು ಮರ್ಯಾದೆಯ ಮಾತು. ಲೋಕ ಒಮ್ಮೆಲೇ ಕೆಳಕ್ಕೆ ಜಾರಿ, ಇದ್ದಕ್ಕಿದ್ದಂತೆ ಸೂರು ಎದುರಿಗೆ ಬಂದು ನಿಂತಿತು. ಗಾಬರಿಯಲ್ಲಿ ಕೈಗೆ ಸಿಕ್ಕಿದ ಹಿಡಿಯನ್ನು ಹಿಡಿದೆ. ಅದು ಲಾಕು. ಟಕ್ಕೆಂದಿತು. ಎಡಗಾಲಿನ ಚಪ್ಪಲಿ ಕಳಚಿ ಎಲ್ಲೋ ಹೋಗಿ ಬಿತ್ತು. ನಾನು ಅಬರ್ಡೀನಿನ ವೈದ್ಯರು ಮೆಚ್ಚುವ ಕೋನದಲ್ಲಿ, ಎರಡೂ ಪಾದ ನೆಲ ಬಿಟ್ಟು, ಸ್ಥಾಪಿತನಾಗಿದ್ದೆ.

ಬೆನ್ನು ಸರಿಯಿದ್ದವನಾದರೆ ಹೊಟ್ಟೆ ಬಿಗಿಹಿಡಿದು ಎದ್ದು ಕೂರುತ್ತಿದ್ದ. ಬೆನ್ನು ಸರಿಯಿದ್ದರೆ ನಾನು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಹಿಡಿಯನ್ನು ಎತ್ತಿದೆ, ಇಳಿಸಿದೆ, ಎಳೆದೆ. ಕುರ್ಚಿ ಅಲ್ಲಾಡಲಿಲ್ಲ. ಮೈ ಕೊಸರಿದೆ, ಗಾಲಿ ಉರುಳಿ, ಮಲಗಿದ್ದವನು ಮಲಗಿದ್ದ ಹಾಗೇ ಡೈನಿಂಗ್ ಟೇಬಲ್ ವಿಭಾಗದ ಕಡೆಗೆ ಮೂರಡಿ ಸಾಗಿದೆ. ಇನ್ನು ಕೊಸರಿದರೆ ಮೆಟ್ಟಿಲು ಸಿಗುತ್ತದೆ ಅನ್ನಿಸಿ ಸುಮ್ಮನಾದೆ. ಸೂರಿನಿಂದ ನೇತುಬಿದ್ದಿದ್ದ ‘ಹಬ್ಬದ ಭಾರೀ ರಿಯಾಯಿತಿ’ ಬೋರ್ಡು ಏಸಿ ಗಾಳಿಗೆ ತಿರುಗುತ್ತಿತ್ತು. ಅದರ ಹಿಂಬದಿಯಲ್ಲಿ ಹೋದ ಹಬ್ಬದ ಹೆಸರು ಹಾಗೇ ಇತ್ತು.

ಆಗ ಎಳೆಯ ದಂಪತಿ ಬಂದು ತಲೆದೆಸೆಯಲ್ಲಿ ನಿಂತರು.

"ಅಂಕಲ್, ಕಂಫರ್ಟಬಲ್ ಆಗಿದೆಯಾ?"

"ಬಹಳ" ಎಂದೆ.

"ನಾವೂ ಒಂದ್ಸಲ ಕೂತು ನೋಡಬಹುದಾ?"

"ಸ್ವಲ್ಪ ಇರಿ. ನಾನಿನ್ನೂ ಪರೀಕ್ಷೆ ಮಾಡ್ತಾ ಇದೀನಿ."

ಅವರು ಗೌರವದಿಂದ ಒಂದು ಹೆಜ್ಜೆ ಹಿಂದೆ ಸರಿದು ಕಾದರು. ಎದೆಯ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಹಾರ್ಡ್‌ವೇರ್ ಅಂಗಡಿಯ ಶೆಟ್ಟರು. ನಮ್ಮ ಆಫೀಸಿನ ಹುಡುಗ ಅವರ ರಿಟರ್ನ್ ಹಾಕಲು ಒಟಿಪಿ ಕಳಿಸಿದ್ದ. ಅವನಿಗೆ ಹೇಳಬೇಕಾದ್ದನ್ನು ಅವರು ನನಗೆ ಹೇಳತೊಡಗಿದರು. ಒಟಿಪಿಗೆ ಆಯುಷ್ಯ ಕಮ್ಮಿ. ಸೂರು ನೋಡುತ್ತಲೇ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಉಚ್ಚರಿಸಿ ಬಾಯಿಪಾಠ ಮಾಡಿಕೊಂಡೆ. ದಂಪತಿ ಮುಖ ಮುಖ ನೋಡಿಕೊಂಡರು. "ಯಾಕ್ ಸಾರ್, ದನಿ ಒಂಥರಾ ಇದೆ? ಮಲಗಿದ್ರಾ?" ಎಂದರು ಶೆಟ್ಟರು. ಮೂವತ್ತು ವರ್ಷದಿಂದ ಗಾದಿಯ ಮೇಲೆ ಲೋಡಿಗೆ ಒರಗಿ ಕೂತು ವ್ಯಾಪಾರ ಮಾಡುತ್ತಿರುವ ಮನುಷ್ಯ. ಬೆನ್ನುನೋವು ಎಂಬುದು ಅವರಿಗೆ ಗೊತ್ತೇ ಇಲ್ಲ.

ಅಷ್ಟರಲ್ಲಿ ಇವಳು ಮೆಟ್ಟಿಲೇರಿ ಬಂದಳು. ತಲೆಕೆಳಗಾಗಿ ಕಂಡರೂ ಮುಖದ ಭಾವ ಸ್ಪಷ್ಟವಾಗಿತ್ತು. "ಮಲಗೋಕೆ ಮನೇಲಿ ಮಂಚ ಇಲ್ವೇನ್ರೀ?"

ಕೊನೆಗೆ ಆ ಹುಡುಗಿ ಬಂದಳು. ಬಗ್ಗಿ ನೋಡಿ, "ಲಾಕ್ ಬಿಟ್ಟದರಿ ಸರ್. ಈಗ ಹಿಂದಕ ಒತ್ರಿ" ಎಂದಳು.

"ಇನ್ನೂ ಹಿಂದಕ್ಕಾ?"

"ಹೂನ್ರಿ. ಹಿಂದಕ ಒತ್ತಿದ್ರನ ಮುಂದ ಬರತೈತಿ."

ಇದು ತಮಾಷೆಯಲ್ಲ, ಯಂತ್ರದ ನಿಯಮ. ಲಾಕು ಬಿಟ್ಟ ಕೂಡಲೇ ಸ್ಪ್ರಿಂಗು ಚಿಮ್ಮಿ ಬೆನ್ನಿಗೆ ಬಾರಿಸದಿರಲಿ ಎಂದು, ಹಿಂದಕ್ಕೆ ಒಮ್ಮೆ ಒತ್ತುವ ತನಕ ಅದು ಹಿಡಿದೇ ಇರುತ್ತದೆ. ದೇವರ ಮೇಲೆ ಭಾರ ಹಾಕಿ, ಉಳಿದ ಭಾರವನ್ನು ಕುರ್ಚಿಯ ಮೇಲೆ ಹಾಕಿ, ಒತ್ತಿದೆ. ಟಕ್ಕೆಂದು ಬಿಟ್ಟು ನಿಧಾನಕ್ಕೆ ನನ್ನನ್ನು ಎತ್ತಿ ತಂದು ದಂಪತಿಯ ಎದುರು ನೆಟ್ಟಗೆ ಕೂರಿಸಿತು. ಅವರು ಬೇರೆ ಮಾಡೆಲ್ ನೋಡುತ್ತೇವೆಂದು ಹೋದರು. ಚಪ್ಪಲಿ ವಿಸಿಟರ್ ಚೇರಿನಡಿ ಸಿಕ್ಕಿತು.

"ನೀನೊಮ್ಮೆ ಕೂತು ತೋರಿಸಮ್ಮ, ಯಾವ ಹಿಡಿ ಯಾವುದಕ್ಕೆ ಅಂತ" ಎಂದೆ.

"ನಾವು ಕೂಡಂಗಿಲ್ರಿ ಸರ್." ಕಣ್ಣು ಒಮ್ಮೆ ಮೂಲೆಯ ಕ್ಯಾಮೆರಾದ ಕಡೆ ಹೋಗಿ ಬಂತು.

ಬೆಳಿಗ್ಗೆ ಹತ್ತಕ್ಕೆ ಬಂದರೆ ರಾತ್ರಿ ಒಂಬತ್ತು. ಮಧ್ಯಾಹ್ನದ ಊಟ ಗೋದಾಮಿನಲ್ಲಿ, ಅಲ್ಲಿ ರಟ್ಟಿನ ಡಬ್ಬಗಳ ಮೇಲೆ ಕೂರಬಹುದಂತೆ. ಕುರ್ಚಿಯ ಗುಟ್ಟೆಲ್ಲ ಗೊತ್ತಾದದ್ದು ಅವನ್ನು ಜೋಡಿಸುವವರ ಹತ್ತಿರ ನಿಂತು ನೋಡಿ. ಮಾತಾಡುವಾಗ ಅವಳ ಒಂದು ಪಾದ ಚಪ್ಪಲಿಯಿಂದ ಹೊರಬಂದು ತಣ್ಣನೆಯ ಟೈಲ್ಸಿನ ಮೇಲೆ ಒಂದಷ್ಟು ಹೊತ್ತು ಇರುತ್ತಿತ್ತು; ಅದು ಒಳಗೆ ಹೋದ ಮೇಲೆ ಇನ್ನೊಂದು. ಇಡೀ ಮಹಡಿಯ ಕುರ್ಚಿಗಳ ನಡುವೆ ಇದೊಂದೇ ಅವಳಿಗಿದ್ದ ವಿಶ್ರಾಂತಿ.

ಕಲ್ಲಿಕೋಟೆಯ ಅಂಗಡಿಗಳ ಹೆಣ್ಣುಮಕ್ಕಳು ಇದೇ ಕಾರಣಕ್ಕೆ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಯನ್ನು ತಿದ್ದಿ ಕೆಲಸಗಾರರಿಗೆ ಕೂರುವ ವ್ಯವಸ್ಥೆ ಇರಲೇಬೇಕೆಂದಿತು. 2021ರಲ್ಲಿ ತಮಿಳುನಾಡೂ ಅದನ್ನೇ ಮಾಡಿತು. ಕೂರುವುದಕ್ಕೂ ಕಾನೂನು ಬೇಕಾಯಿತು ಎಂದು ಓದಿದಾಗ ನಕ್ಕಿದ್ದೆ. ಆ ಮಹಡಿಯಲ್ಲಿ ನಿಂತು ನೆನೆದಾಗ ನಗು ಬರಲಿಲ್ಲ.

ಕುರ್ಚಿ ಕೊಂಡೆ, ಅದಲ್ಲ, ಪಕ್ಕದ್ದು. ಎಚ್‌ಎಸ್‌ಎನ್ 9401, ತೆರಿಗೆ ಶೇಕಡಾ 18. ಬಿಲ್ಲಿಗೆ ನನ್ನ ಜಿಎಸ್‌ಟಿ ನಂಬರ್ ಹಾಕಿಸುವುದನ್ನು ಮರೆಯಲಿಲ್ಲ. ಮಾಲೀಕರು ಗಲ್ಲಾದಲ್ಲಿ ಬಾಸ್ ಚೇರಿನಲ್ಲಿದ್ದರು, ಬೆನ್ನಿಗೆ ಬಿಳಿ ಟವೆಲ್ ಹೊದಿಸಿದ್ದು. ಯುಪಿಐ ಪೆಟ್ಟಿಗೆ ಹಣ ಬಂತೆಂದು ಕೂಗಿದ ಮೇಲೆ, ಮೇಲಿನ ಹುಡುಗಿಯರಿಗೆ ಒಂದೊಂದು ಸ್ಟೂಲ್ ಯಾಕೆ ಕೊಡಬಾರದು ಎಂದು ಕೇಳಿದೆ. "ಕೂತ್ರೆ ನಿದ್ದೆ ಮಾಡ್ತಾರೆ ಸಾರ್. ಗಿರಾಕಿ ಬಂದ್ರೂ ಏಳಲ್ಲ." ಏಳಲಾಗದೆ ಬಿದ್ದಿದ್ದ ಗಿರಾಕಿ ನಾನೇ ಆಗಿದ್ದರಿಂದ ವಾದ ಬೆಳೆಸುವ ನೈತಿಕ ಬಲ ಸಾಲಲಿಲ್ಲ. ಇಂಥವರ ರಿಟರ್ನ್ ನನ್ನ ಕೈಗೆ ಬರಬೇಕಿತ್ತು.

ಕೊಳ್ಳಲು ಹೊರಟವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಪಾದ ಪೂರ್ತಿ ನೆಲಕ್ಕೆ ಊರಬೇಕು. ಬೆನ್ನು ಹಿಂದಕ್ಕೆ ಅಂಟಿಸಿ ಕೂತಾಗ ಮೊಣಕಾಲಿನ ಹಿಂದೆ ಎರಡು ಬೆರಳು ತೂರುವಷ್ಟು ಜಾಗ ಸೀಟಿನ ಅಂಚಿಗೆ ಉಳಿಯಬೇಕು. ಸೊಂಟದ ಆಸರೆ ಮೇಲೆ ಕೆಳಗೆ ಸರಿಯುವಂತಿರಬೇಕು. ತಲೆಯ ಆಸರೆ ಇಲ್ಲದಿದ್ದರೂ ನಡೆಯುತ್ತದೆ. ಅಂಗಡಿಯಲ್ಲಿ ನಾಚದೆ ಬಹಳ ಹೊತ್ತು ಕೂರಿ. ಎಷ್ಟೇ ಬೆಲೆಯದಾದರೂ ನಡುನಡುವೆ ಎದ್ದು ಓಡಾಡಲೇಬೇಕು, ಅದರಿಂದ ಬಿಡುಗಡೆ ಕೊಡುವ ಕುರ್ಚಿಯನ್ನು ಯಾರೂ ಮಾಡಿಲ್ಲ. ಮತ್ತೆ, ಕುರ್ಚಿ ತೋರಿಸುವ ಹುಡುಗಿ ಎಲ್ಲಿ ಕೂರುತ್ತಾಳೆ ಎಂದು ಮಾಲೀಕರನ್ನು ದಯವಿಟ್ಟು ಕೇಳಿ. ದುಡ್ಡು ಕೊಡುವ ಮುಂಚೆ ಕೇಳಿ.