ಒಂದು, ಆರು, ಹನ್ನೊಂದು

ವೈಫೈ ರೌಟರಿನ ಪುಟದಲ್ಲಿ ‘ಅಡ್ವಾನ್ಸ್ಡ್’ ಅಂತ ಒಂದು ವಿಭಾಗ ಇರುತ್ತದೆ. ಹೊಸ್ತಿಲಲ್ಲೇ ಎಚ್ಚರಿಕೆ: ತಿಳಿಯದವರು ಇಲ್ಲಿ ಏನನ್ನೂ ಬದಲಿಸಬಾರದು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದನ್ನು ಓದಿ ಹಿಂದೆ ಸರಿದವರನ್ನು ನಾನಿನ್ನೂ ಕಂಡಿಲ್ಲ. ತಾನು ತಿಳಿಯದವನು ಎಂದು ಒಪ್ಪುವವರು ಇಲ್ಲಿ ಯಾರಿದ್ದಾರೆ?

ನೆಟ್‌ವರ್ಕ್ ಕೆಲಸದವನು ಎಂಬ ಒಂದೇ ತಪ್ಪಿಗೆ ಎಲ್ಲರ ಮನೆಗೂ ನನಗೆ ಕರೆ. ಮೇಲಿನ ಮನೆಯ ರಾಯರ ದೂರು ಹೀಗಿತ್ತು: “ನೋಡಪ್ಪಾ, ಸಿಗ್ನಲ್ ಫುಲ್ ಇದೆ. ಮೊಮ್ಮಗಳ ವಿಡಿಯೋ ಮಾತ್ರ ಸುತ್ತುತ್ತಾ ಕೂತಿದೆ.” ನೋಡಿದರೆ ‘ಟ್ರಾನ್ಸ್‌ಮಿಟ್ ಪವರ್’ ನೂರಕ್ಕೆ ನೂರು. ಪೆಟ್ಟಿಗೆ ಕೂಗುವುದು ಮೂಲೆಕೋಣೆಯ ಫೋನಿಗೆ ಚೆನ್ನಾಗಿಯೇ ಕೇಳಿಸುತ್ತದೆ, ಅದಕ್ಕೇ ಕಡ್ಡಿಗಳೆಲ್ಲ ತುಂಬಿರುವುದು. ಆದರೆ ಪುಟ್ಟ ಬ್ಯಾಟರಿಯ ಆ ಫೋನು ಮೆಲ್ಲಗೆ ಕೊಡುವ ಉತ್ತರ ಇತ್ತ ತಲುಪಬೇಕಲ್ಲ? ನಾನು 20 ಡಿಬಿಎಂ ಇದ್ದದ್ದನ್ನು 17ಕ್ಕೆ ಇಳಿಸಿ ಪೆಟ್ಟಿಗೆಯನ್ನು ಹಾಲಿನ ನಡುವಿಗೆ ತಂದೆ. ಮೂರು ಡಿಬಿ ಇಳಿದರೆ ಶಕ್ತಿ ಅರ್ಧವಾಗುತ್ತದೆ, 100 ಮಿಲಿವ್ಯಾಟ್ ಇದ್ದದ್ದು 50 ಎಂದು ವಿವರಿಸಿದ್ದೇ ತಪ್ಪಾಯಿತು. “ಬಿಲ್ಲು ಮಾತ್ರ ಪೂರ್ತಿ ಕಟ್ಟಬೇಕೋ?” ಎಂದರು ರಾಯರು.

ಪವರಿಗಿಂತ ದೊಡ್ಡ ರಾಮಾಯಣ ಚಾನೆಲ್ಲಿನದು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನಮ್ಮ ದೇಶದಲ್ಲಿ ಹದಿಮೂರು ಚಾನೆಲ್ಲುಗಳು. ಹದಿಮೂರು ಎಂದು ಹಿಗ್ಗಬೇಡಿ. ಯಾವನೋ ಬಿಲ್ಡರ್ ಐದಡಿಗೊಂದು ಕಲ್ಲು ನೆಟ್ಟು ಪ್ರತಿ ಕಲ್ಲಿಗೂ ಒಂದು ಸೈಟ್ ನಂಬರು ಕೊಟ್ಟ. ಕಟ್ಟುವ ಮನೆ ಮಾತ್ರ ಇಪ್ಪತ್ತಡಿ ಅಗಲ. ಚಾನೆಲ್ಲುಗಳ ಅಂತರ 5 ಮೆಗಾಹರ್ಟ್ಸ್, ಒಂದೊಂದು ಹರಡಿಕೊಳ್ಳುವುದು 20. ಗೋಡೆ ತಾಗದಂತೆ ಕೂರಬಹುದಾದವರು ಮೂವರೇ: 1, 6, 11. ರಾಯರದು 3, ಅವರ ಅದೃಷ್ಟಸಂಖ್ಯೆಯಂತೆ. ಎದುರುಮನೆಯವರು ‘ವಿಡ್ತ್’ ಎಂಬಲ್ಲಿ 40 ಒತ್ತಿ ಪಟ್ಟಿಯ ಅರ್ಧವನ್ನೇ ಒತ್ತುವರಿ ಮಾಡಿದ್ದಾರೆ. 2005ರಿಂದ ಈ ಪಟ್ಟಿಗೆ ಲೈಸೆನ್ಸು ಬೇಕಿಲ್ಲವಾದ್ದರಿಂದ ಖಾತೆ ಕೇಳುವವರೂ ಇಲ್ಲ.

ಪಾಪದ ಪೆಟ್ಟಿಗೆಗಳೇ ಎಷ್ಟೋ ಸಭ್ಯಸ್ಥರು. ಮಾತಾಡುವ ಮುಂಚೆ ಕಿವಿಗೊಡುತ್ತವೆ. ಬೇರೆ ಯಾರಾದರೂ ಮಾತಾಡುತ್ತಿದ್ದರೆ ಸುಮ್ಮನಿರುತ್ತವೆ. ನಿಶ್ಶಬ್ದವಾದ ಮೇಲೂ ಇನ್ನೊಂದಿಷ್ಟು ಕಾದು ಬಾಯಿ ಬಿಡುತ್ತವೆ. (ನಮ್ಮ ಸಂಘದ ಸಭೆಯಲ್ಲಿ ಈ ಪದ್ಧತಿ ಜಾರಿಗೆ ಬಂದರೆ ಅಧ್ಯಕ್ಷರ ರಕ್ತದೊತ್ತಡ ಇಳಿದೀತು.) ಹಾಗಾಗಿ ಒಂದೇ ಚಾನೆಲ್ಲಿನಲ್ಲಿ ಇಬ್ಬರಿದ್ದರೆ ಸರದಿಯ ಮೇಲೆ ಬದುಕುತ್ತಾರೆ. ರಾಯರ 3ರಂತೆ ಅರ್ಧಂಬರ್ಧ ಮೈಮೇಲೆ ಬಿದ್ದರೆ, ಒಬ್ಬರ ಮಾತು ಇನ್ನೊಬ್ಬರಿಗೆ ಬರೀ ಗದ್ದಲ. ಇದರ ನಡುವೆ ಯಾರೋ ಮೈಕ್ರೋವೇವಿನಲ್ಲಿ ಉಪ್ಪಿಟ್ಟು ಬಿಸಿಮಾಡುತ್ತಾರೆ. ಅದೂ 2.45 ಗಿಗಾಹರ್ಟ್ಸ್ ಆಸುಪಾಸಿನದೇ, ಅದಕ್ಕಂತೂ ಸರದಿಯ ಸಂಸ್ಕಾರವಿಲ್ಲ.

5 ಗಿಗಾಹರ್ಟ್ಸಿಗೆ ಹೋಗಿ ಎಂದೆ. ಅಲ್ಲಿ ಜಾಗ ವಿಶಾಲ. ಆದರೆ ಕೆಲವು ಚಾನೆಲ್ಲುಗಳಿಗೆ ರಾಡಾರುಗಳೇ ಮೂಲ ವಾರಸುದಾರರು. ಪೆಟ್ಟಿಗೆ ಮೊದಲು ಒಂದು ನಿಮಿಷ ಕಿವಿಗೊಟ್ಟು ಕೂರಬೇಕು, ರಾಡಾರ್ ಕೇಳಿಸಿದರೆ ಜಾಗ ಖಾಲಿ ಮಾಡಬೇಕು. ಬಾಡಿಗೆದಾರರಿಗೆ ಈ ನಿಯಮ ಥಟ್ಟನೆ ಅರ್ಥವಾಯಿತು. ಸ್ವಂತ ಮನೆಯವರಿಗೆ ಎಷ್ಟು ಹೇಳಿದರೂ ಆಗಲಿಲ್ಲ.

ಕೊನೆಗೆ ಸಂಘದ ಸಭೆಯಲ್ಲಿ ಚಾನೆಲ್ ಹಂಚಿಕೆಗೇ ಇಟ್ಟರು. ಎಲ್ಲರಿಗೂ ಒಂದನೇ ನಂಬರೇ ಬೇಕು. “ಹನ್ನೊಂದು ತಗೋತೀವಿ, ಮೆಂಟೆನೆನ್ಸ್ ಎಷ್ಟು ಕಮ್ಮಿ ಮಾಡ್ತೀರಿ?” ಎಂದು ಎರಡನೇ ಮಹಡಿಯವರು ಚೌಕಾಸಿಗೆ ನಿಂತರು. ಮೂಲೆಮನೆಯವರು ಮಾತ್ರ, ಯಾರ ತಂಟೆಯೂ ಬೇಡ, ತಮಗೆ 14 ಕೊಡಿ ಎಂದು ಪಟ್ಟು ಹಿಡಿದರು. ರೌಟರಿನಲ್ಲಿ ದೇಶ ಬದಲಿಸಿದರೆ ಅದು ಕಾಣಿಸುತ್ತದೆಂದು ಪತ್ತೆಮಾಡಿದ್ದರು. ಅದು ಜಪಾನಿನಲ್ಲಿ ಮಾತ್ರ ಸಲ್ಲುವ ಚಾನೆಲ್ಲು ಸಾರ್, ಎಂದೆ.

“ಅದಕ್ಕೇನಂತೆ? ನಮ್ಮ ಹುಡುಗ ಟೋಕಿಯೋದಲ್ಲೇ ಇದ್ದಾನೆ, ಅವನ ಹೆಸರಲ್ಲೇ ಬರೀರಿ.”